ಪಶು ಶರೀರಕ್ರಿಯಾ ವಿಜ್ಞಾನಿಯ ಸಂಶೋಧನೆಯನ್ನು ಯಾವ ಅಳತೆಯಲ್ಲಿ ನೋಡಬೇಕು? ದಾವಣಗೆರೆ–ಚಿತ್ರದುರ್ಗದ ವಿದ್ಯಾರ್ಥಿಗಳಿಗೆ ಹೋಲಿಕೆಯ ಮಾರ್ಗದರ್ಶಿ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಪಶು ಶರೀರಕ್ರಿಯಾಶಾಸ್ತ್ರದಲ್ಲಿ (ಪ್ರಾಣಿಗಳ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬುದರ ಅಧ್ಯಯನ) ಪಿಎಚ್‌.ಡಿ. ಮಾಡಬೇಕೆಂದು ಹೊರಡುವವರ ಮುಂದೆ ಹಲವು ದಾರಿಗಳಿವೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವರು ಬೀದರ್ ಕೇಂದ್ರವಾಗಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲೇ ಮುಂದುವರಿಯಬಹುದು. ತೋಳಹುಣಸೆಯ ಶಿವಗಂಗೋತ್ರಿಯಲ್ಲಿ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯದ ಆವರಣದಲ್ಲಿ, ಜೀವವಿಜ್ಞಾನದ ವಿಷಯಗಳಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಬೇರೆ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಬರೆಯಬಹುದು. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ, ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆ, ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಇವೆಲ್ಲ ಈ ವಿಷಯದ ದೊಡ್ಡ ನೆಲೆಗಳು. ದಾರಿ ಯಾವುದೇ ಆದರೂ ಕೊನೆಗೆ ಎದುರಾಗುವುದು ಮಾರ್ಗದರ್ಶಕರ ಆಯ್ಕೆ. ಆಗ ಬಹುತೇಕರು ಮೊಬೈಲಿನಲ್ಲಿ ಸಂಶೋಧನಾ ಬರಹಗಳನ್ನು ಹುಡುಕುವ ಗೂಗಲ್ ಸ್ಕಾಲರ್ ತೆರೆದು, ಇಬ್ಬರ ಪುಟಗಳನ್ನು ನೋಡಿ, ಯಾರ ಹೆಸರಿನ ಮುಂದೆ ದೊಡ್ಡ ಸಂಖ್ಯೆ ಇದೆಯೋ ಅವರೇ ದೊಡ್ಡ ವಿಜ್ಞಾನಿ ಎಂದು ತೀರ್ಮಾನಿಸುತ್ತಾರೆ. ನಾಲ್ಕೈದು ವರ್ಷಗಳ ದುಡಿಮೆಯನ್ನು ನಿರ್ಧರಿಸುವ ಈ ಆಯ್ಕೆ ಇಷ್ಟು ಅವಸರದಲ್ಲಿ ನಡೆಯಬಾರದು ಎಂಬ ಕಾಳಜಿಯಿಂದ ಈ ಬರಹ.

ನನ್ನ ನಿಲುವನ್ನು ಆರಂಭದಲ್ಲೇ ಸ್ಪಷ್ಟಪಡಿಸುತ್ತೇನೆ. ಒಬ್ಬ ವಿಜ್ಞಾನಿ ಯಾವ ಪ್ರಾಣಿಯ ಮೇಲೆ, ಎಂಥ ಪರಿಸರದಲ್ಲಿ, ಎಷ್ಟು ಕಾಲ ಹಿಡಿಯುವ ಪ್ರಯೋಗ ನಡೆಸುತ್ತಾರೆ ಎಂಬುದನ್ನು ತಿಳಿಯದೆ ಅವರ ಉಲ್ಲೇಖಗಳ (ಬೇರೆ ಸಂಶೋಧಕರು ತಮ್ಮ ಬರಹಗಳಲ್ಲಿ ಅವರ ಪ್ರಬಂಧಗಳನ್ನು ಆಕರವಾಗಿ ಹೆಸರಿಸಿದ) ಸಂಖ್ಯೆಯನ್ನು ಇನ್ನೊಬ್ಬರ ಸಂಖ್ಯೆಯೊಂದಿಗೆ ಹೋಲಿಸುವುದು ಅರ್ಥಹೀನ. ಅಳತೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಪ್ರತಿಯೊಂದು ಅಳತೆ ಯಾವ ಪ್ರಶ್ನೆಗೆ ಉತ್ತರಿಸುತ್ತದೆ, ಯಾವುದಕ್ಕೆ ಉತ್ತರಿಸುವುದಿಲ್ಲ ಎಂಬುದನ್ನು ಅರಿತು ಆರಿಸಿಕೊಳ್ಳಬೇಕು.

ಪ್ರಾಣಿಯ ಕಾಲಮಾನ

ಇಲಿಯ ಗರ್ಭಾವಧಿ ಸುಮಾರು 20 ದಿನ. ಕುರಿಯದು ಸುಮಾರು 150 ದಿನ, ಹಸುವಿನದು ಸುಮಾರು 280 ದಿನ, ಎಮ್ಮೆಯದು ಸುಮಾರು 310 ದಿನ. ಗರ್ಭಿಣಿ ತಾಯಿಗೆ ಕೊಟ್ಟ ಮೇವು ಹುಟ್ಟುವ ಮರಿಯ ಬೆಳವಣಿಗೆಯ ಮೇಲೆ ಯಾವ ಪರಿಣಾಮ ಬೀರುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಇಲಿಯಲ್ಲಿ ಕೆಲವೇ ತಿಂಗಳಲ್ಲಿ ಕೇಳಿ ಉತ್ತರ ಪಡೆಯಬಹುದು. ಎಮ್ಮೆಯಲ್ಲಿ ಅದೇ ಪ್ರಶ್ನೆಗೆ ಗರ್ಭ ಕಟ್ಟುವ ಕಾಲ, ಗರ್ಭಾವಧಿ, ಕರು ಬೆಳೆಯುವ ಕಾಲ ಎಲ್ಲ ಸೇರಿ ಮೂರು ವರ್ಷವಾದರೂ ಬೇಕು. ಬೇಸಿಗೆಯ ತಾಪ ಮತ್ತು ಮಳೆಗಾಲದ ತೇವವನ್ನು ಹೋಲಿಸುವ ಪ್ರಯೋಗವಾದರೆ ಋತು ಮರಳಿ ಬರುವವರೆಗೆ ಕಾಯದೆ ವಿಧಿಯಿಲ್ಲ. ಪ್ರಾಣಿಗಳ ಸಂಖ್ಯೆಯೂ ಮಿತವಾಗಿರುತ್ತದೆ. ಪ್ರಯೋಗಕ್ಕೆ ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಮೇವು, ಕೊಟ್ಟಿಗೆ, ಆಳುಗಳ ವೆಚ್ಚವನ್ನು ವರ್ಷವಿಡೀ ಭರಿಸಬೇಕು.

ಆದ್ದರಿಂದ ಇಲಿಯ ಮೇಲೆ ಕೆಲಸ ಮಾಡುವ ಶರೀರಕ್ರಿಯಾ ವಿಜ್ಞಾನಿ ವರ್ಷಕ್ಕೆ ಆರು ಪ್ರಬಂಧ ಪ್ರಕಟಿಸಿ, ಎಮ್ಮೆಯ ಮೇಲೆ ಕೆಲಸ ಮಾಡುವವರು ಎರಡೇ ಪ್ರಕಟಿಸಿದ್ದರೆ ಎರಡನೆಯವರು ಮೂರು ಪಟ್ಟು ಕಡಿಮೆ ದುಡಿದಿದ್ದಾರೆ ಎಂದು ಹೇಳಲಾಗದು. ಉಲ್ಲೇಖಗಳಲ್ಲಿಯೂ ಇದೇ ವ್ಯತ್ಯಾಸ ಕಾಣುತ್ತದೆ. ಇಲಿಯ ಪ್ರಬಂಧವನ್ನು ಜಗತ್ತಿನ ವೈದ್ಯಕೀಯ ಸಂಶೋಧಕರೆಲ್ಲ ಓದುತ್ತಾರೆ. ಮನುಷ್ಯನ ಕಾಯಿಲೆಯ ಕುರಿತು ಬರೆಯುವವರ ಸಂಖ್ಯೆ ಅಪಾರ, ಅವರ ಪ್ರತಿ ಪ್ರಬಂಧದ ಕೊನೆಯ ಆಕರಗಳ ಪಟ್ಟಿಯೂ ಉದ್ದ. ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕುರಿಗಳು ಬೇಸಿಗೆಯಲ್ಲಿ ನೀರಿಲ್ಲದೆ ದೂರ ನಡೆದಾಗ ಅವುಗಳ ಉಸಿರಾಟ, ರಕ್ತದ ಸಾಂದ್ರತೆ, ಹಾರ್ಮೋನುಗಳು ಹೇಗೆ ಬದಲಾಗುತ್ತವೆ ಎಂದು ಬರೆದ ಪ್ರಬಂಧವನ್ನು ಓದಿ ಉಲ್ಲೇಖಿಸಬಲ್ಲವರು ಜಗತ್ತಿನಲ್ಲಿ ಕೆಲವೇ ತಂಡಗಳು. ಆ ಪ್ರಬಂಧದ ಮೌಲ್ಯ ಅದರಿಂದ ಕುಗ್ಗುವುದಿಲ್ಲ, ಆದರೆ ಅದರ ಉಲ್ಲೇಖ ಸಂಖ್ಯೆ ಖಂಡಿತ ಕುಗ್ಗುತ್ತದೆ.

ಹೋಲಿಸುವುದಾದರೆ ಕುರಿಯವರನ್ನು ಕುರಿಯವರೊಂದಿಗೆ, ಹೈನು ರಾಸುಗಳವರನ್ನು ಹೈನು ರಾಸುಗಳವರೊಂದಿಗೆ, ಮತ್ತು ಸಂಶೋಧನಾ ಜೀವನದ ಸರಿಸುಮಾರು ಒಂದೇ ಹಂತದಲ್ಲಿರುವವರನ್ನು ಮಾತ್ರ ಹೋಲಿಸಿ. ಈ ಒಂದು ಎಚ್ಚರವನ್ನು ಪಾಲಿಸಿದರೆ ಮುಂದಿನ ಅರ್ಧ ಗೊಂದಲ ಇಲ್ಲವಾಗುತ್ತದೆ.

ಗೂಗಲ್ ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್

ಉಲ್ಲೇಖಗಳನ್ನು ಎಣಿಸುವ ಡೇಟಾಬೇಸ್‌ಗಳಲ್ಲಿ ಹಳೆಯ ಪರಂಪರೆ ವೆಬ್ ಆಫ್ ಸೈನ್ಸ್‌ನದು. ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಮುಂದಿಟ್ಟ ಆಲೋಚನೆ 1960ರ ದಶಕದಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಆಗಿ ರೂಪುಗೊಂಡಿತು. ಇಂದಿನ ವೆಬ್ ಆಫ್ ಸೈನ್ಸ್ ಬೆಳೆದು ಬಂದದ್ದು ಅದರಿಂದಲೇ, ಮತ್ತು 2016ರಿಂದ ಅದು ಕ್ಲಾರಿವೇಟ್ ಕಂಪನಿಯ ಕೈಯಲ್ಲಿದೆ. ಎಲ್ಸೆವಿಯರ್‌ನ ಸ್ಕೋಪಸ್ ಮತ್ತು ಗೂಗಲ್ ಸ್ಕಾಲರ್ ಎರಡೂ ಆರಂಭವಾದದ್ದು 2004ರಲ್ಲಿ.

ಒಬ್ಬರೇ ವಿಜ್ಞಾನಿಯ ಹೆಸರನ್ನು ಈ ಮೂರರಲ್ಲೂ ಹುಡುಕಿದರೆ ಮೂರು ಬೇರೆ ಬೇರೆ ಸಂಖ್ಯೆಗಳು ಬರುತ್ತವೆ. ಸಾಮಾನ್ಯವಾಗಿ ಗೂಗಲ್ ಸ್ಕಾಲರ್‌ನದೇ ದೊಡ್ಡದು, ಏಕೆಂದರೆ ಅದು ನಿಯತಕಾಲಿಕೆಗಳ ಪ್ರಬಂಧಗಳಲ್ಲದೆ ಪಿಎಚ್‌.ಡಿ. ಮಹಾಪ್ರಬಂಧಗಳು, ಪುಸ್ತಕಗಳು, ಸಮ್ಮೇಳನದ ಬರಹಗಳು, ವಿಮರ್ಶೆಗೆ ಒಳಪಡದ ಮುನ್ಪ್ರಕಟಣೆಗಳು ಎಲ್ಲದರಲ್ಲಿರುವ ಉಲ್ಲೇಖಗಳನ್ನೂ ಎಣಿಸುತ್ತದೆ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಆಯ್ದ ನಿಯತಕಾಲಿಕೆಗಳನ್ನು ಮುಖ್ಯವಾಗಿ ನೋಡುತ್ತವೆ. ನಮ್ಮ ಪಶುವಿಜ್ಞಾನಕ್ಕೆ ಈ ವ್ಯತ್ಯಾಸ ಬಹಳ ಮುಖ್ಯ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಇಂಡಿಯನ್ ಜರ್ನಲ್ ಆಫ್ ಅನಿಮಲ್ ಸೈನ್ಸಸ್‌ನಂಥ ಕೆಲವು ದೇಶೀಯ ಪತ್ರಿಕೆಗಳು ಆ ಡೇಟಾಬೇಸ್‌ಗಳಲ್ಲಿ ಸೇರಿವೆ. ಆದರೆ ವೃತ್ತಿ ಸಂಘಗಳು ಮತ್ತು ವಿಶ್ವವಿದ್ಯಾಲಯಗಳು ಹೊರತರುವ ಹಲವು ಪತ್ರಿಕೆಗಳು ಸೇರಿಲ್ಲ. ದೇಶೀ ತಳಿಗಳ ಕುರಿತ ಎಷ್ಟೋ ಮೂಲ ಮಾಹಿತಿ ಇಂಥ ಪತ್ರಿಕೆಗಳಲ್ಲಿದೆ. ಅಮೃತ ಮಹಲ್ ಅಥವಾ ಹಳ್ಳಿಕಾರ್ ರಾಸುಗಳ ಮೇಲೆ ಕೆಲಸ ಮಾಡಿದವರನ್ನು ಸ್ಕೋಪಸ್ ಒಂದರಿಂದಲೇ ಅಳೆದರೆ ಅವರ ದುಡಿಮೆಯ ದೊಡ್ಡ ಭಾಗ ಲೆಕ್ಕಕ್ಕೇ ಬರುವುದಿಲ್ಲ.

ಗೂಗಲ್ ಸ್ಕಾಲರ್‌ಗೆ ಅದರದೇ ತೊಡಕುಗಳಿವೆ. ಅಲ್ಲಿನ ವೈಯಕ್ತಿಕ ಪುಟವನ್ನು ವಿಜ್ಞಾನಿ ತಾವೇ ರಚಿಸಿಕೊಳ್ಳುತ್ತಾರೆ. ಪ್ರಬಂಧಗಳು ತಾವಾಗಿಯೇ ಸೇರಲಿ ಎಂದು ಬಿಟ್ಟಿದ್ದರೆ ಅದೇ ಹೆಸರಿನ ಬೇರೆಯವರ ಪ್ರಬಂಧಗಳೂ ಬಂದು ಸೇರಿಕೊಳ್ಳುತ್ತವೆ. ಬಸವರಾಜ, ಮಂಜುನಾಥ, ತಿಪ್ಪೇಸ್ವಾಮಿ ಎಂಬ ಹೆಸರುಗಳು ತುಂಬಿರುವ ನಮ್ಮ ಸೀಮೆಯಲ್ಲಿ ಇದು ದಿನನಿತ್ಯದ ಸಮಸ್ಯೆ. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಬರುವುದರಿಂದ ಡೇಟಾಬೇಸ್ ಒಮ್ಮೆ ಅದನ್ನು ಮನೆತನದ ಹೆಸರೆಂದು, ಇನ್ನೊಮ್ಮೆ ಮೊದಲ ಹೆಸರೆಂದು ತಿಳಿಯುತ್ತದೆ. ಸ್ಕೋಪಸ್‌ನಲ್ಲಿ ಇದಕ್ಕೆ ತಿರುಗುಮುರುಗಾದ ತೊಂದರೆ: ಒಬ್ಬರೇ ವ್ಯಕ್ತಿ ಎರಡು ಮೂರು ಗುರುತುಗಳಾಗಿ ಒಡೆದು ಹೋಗಿರುತ್ತಾರೆ, ಪ್ರತಿ ತುಣುಕಿನ ಸಂಖ್ಯೆಯೂ ಚಿಕ್ಕದಾಗಿ ಕಾಣುತ್ತದೆ. ಮಾರ್ಗದರ್ಶಕರ ಹೆಸರಿನಲ್ಲಿ ಓರ್ಕಿಡ್ ಎಂಬ ಸಂಶೋಧಕರ ಗುರುತಿದ್ದರೆ ಅದನ್ನೇ ಆಧಾರವಾಗಿ ಇಟ್ಟುಕೊಳ್ಳಿ. 2012ರಲ್ಲಿ ಆರಂಭವಾದ ಈ 16 ಸ್ಥಾನಗಳ ಗುರುತು ಹೆಸರು ಹೇಗೆ ಬರೆದರೂ ಬದಲಾಗುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಒಬ್ಬರ ಕೆಲಸದ ಪೂರ್ಣ ಹರವನ್ನು ನೋಡಲು ಗೂಗಲ್ ಸ್ಕಾಲರ್ ಒಳ್ಳೆಯದು. ಇಬ್ಬರನ್ನು ಹೋಲಿಸಲು ಸ್ಕೋಪಸ್ ಮೇಲು, ಏಕೆಂದರೆ ಇಬ್ಬರಿಗೂ ಅದೇ ಜರಡಿ ಅನ್ವಯವಾಗಿರುತ್ತದೆ. ಲೇಖಕರ ಮೂಲ ವಿವರ ಮತ್ತು ಮುಂದೆ ವಿವರಿಸುವ ಎಚ್-ಸೂಚ್ಯಂಕವನ್ನು ಚಂದಾ ಇಲ್ಲದೆಯೂ ಅದರ ಉಚಿತ ಪುಟದಲ್ಲಿ ನೋಡಬಹುದು. ವೆಬ್ ಆಫ್ ಸೈನ್ಸ್ ವಿದ್ಯಾರ್ಥಿಗೆ ಅನಿವಾರ್ಯವಲ್ಲ. ಗೂಗಲ್ ಸ್ಕಾಲರ್ ಮತ್ತು ಸ್ಕೋಪಸ್ ಜೊತೆಗೆ ಇನ್ನೊಂದು ಡೇಟಾಬೇಸ್, 2022ರಲ್ಲಿ ಆರಂಭವಾದ ಓಪನ್‌ಅಲೆಕ್ಸ್ ಸಂಪೂರ್ಣ ಉಚಿತವಾಗಿ ಸಿಗುತ್ತದೆ. ಅದರ ವ್ಯಾಪ್ತಿ ಸ್ಕೋಪಸ್‌ಗಿಂತ ವಿಶಾಲ. ಯಾವುದನ್ನೇ ಆರಿಸಿದರೂ ಒಬ್ಬರ ಸಂಖ್ಯೆಯನ್ನು ಒಂದರಿಂದ, ಇನ್ನೊಬ್ಬರದನ್ನು ಮತ್ತೊಂದರಿಂದ ತೆಗೆದುಕೊಂಡು ಹೋಲಿಸಬೇಡಿ.

ಒಟ್ಟು ಉಲ್ಲೇಖ ಮತ್ತು ಎಚ್-ಸೂಚ್ಯಂಕ

ಎಚ್-ಸೂಚ್ಯಂಕವನ್ನು 2005ರಲ್ಲಿ ಸೂಚಿಸಿದವರು ಭೌತವಿಜ್ಞಾನಿ ಹೋರ್ಹೆ ಹಿರ್ಷ್. ಒಬ್ಬರ ಪ್ರಬಂಧಗಳಲ್ಲಿ ಕನಿಷ್ಠ 10 ಪ್ರಬಂಧಗಳು ತಲಾ ಕನಿಷ್ಠ 10 ಬಾರಿ ಉಲ್ಲೇಖಗೊಂಡಿದ್ದು, 11 ಪ್ರಬಂಧಗಳು ತಲಾ 11 ಬಾರಿ ಉಲ್ಲೇಖಗೊಂಡಿರದಿದ್ದರೆ ಅವರ ಸೂಚ್ಯಂಕ 10. ಇದು ಒಟ್ಟು ಉಲ್ಲೇಖಕ್ಕಿಂತ ಹೇಗೆ ಭಿನ್ನ ಎಂಬುದನ್ನು ತಿಳಿಯಲು ಇಬ್ಬರು ಕಲ್ಪಿತ ವಿಜ್ಞಾನಿಗಳನ್ನು ತೆಗೆದುಕೊಳ್ಳೋಣ. ಇಬ್ಬರದೂ 12 ಪ್ರಬಂಧಗಳು.

ಮೊದಲನೆಯವರ ಪ್ರಬಂಧಗಳಿಗೆ ಬಂದ ಉಲ್ಲೇಖಗಳು ಕ್ರಮವಾಗಿ 310, 42, 18, 11, 9, 7, 6, 4, 3, 1, 0, 0. ಒಟ್ಟು 411, ಎಚ್-ಸೂಚ್ಯಂಕ 6. ಎರಡನೆಯವರದು 26, 24, 21, 19, 17, 15, 14, 13, 11, 10, 6, 2. ಒಟ್ಟು 178, ಎಚ್-ಸೂಚ್ಯಂಕ 10. ಒಟ್ಟು ಉಲ್ಲೇಖದಲ್ಲಿ ಮೊದಲನೆಯವರು ಎರಡು ಪಟ್ಟಿಗಿಂತ ಮುಂದಿದ್ದಾರೆ. ಸೂಚ್ಯಂಕದಲ್ಲಿ ಎರಡನೆಯವರು ಮುಂದಿದ್ದಾರೆ. ಗೂಗಲ್ ಸ್ಕಾಲರ್ ತೋರಿಸುವ ಐ-10 ಅಂದರೆ ಕನಿಷ್ಠ ಹತ್ತು ಬಾರಿ ಉಲ್ಲೇಖಗೊಂಡ ಪ್ರಬಂಧಗಳ ಸಂಖ್ಯೆ. ಅದು ಮೊದಲನೆಯವರಿಗೆ 4, ಎರಡನೆಯವರಿಗೆ 10.

ಇಲ್ಲಿಗೆ ನಿಂತರೆ ಎರಡನೆಯವರೇ ಉತ್ತಮ ಎಂದು ಅನ್ನಿಸಬಹುದು. ನಾನು ಹಾಗೆ ತೀರ್ಮಾನಿಸುವುದಿಲ್ಲ. 310 ಉಲ್ಲೇಖ ಪಡೆದ ಆ ಒಂದು ಪ್ರಬಂಧ ಏನು ಎಂದು ತೆರೆದು ನೋಡಬೇಕು. ಅದು ಬೇರೆಯವರ ಕೆಲಸವನ್ನು ಒಟ್ಟುಗೂಡಿಸಿದ ಸಮೀಕ್ಷಾ ಲೇಖನವಾಗಿದ್ದರೆ ಅದರ ಉಲ್ಲೇಖಗಳು ಅವರ ಪ್ರಯೋಗಶಾಲೆಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಒಂದು ವಿಧಾನವನ್ನು ವಿವರಿಸಿದ್ದಾದರೆ ಕಥೆ ಬೇರೆ. ಪ್ರೋಟೀನಿನ ಪ್ರಮಾಣ ಅಳೆಯುವ ವಿಧಾನವನ್ನು ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಪ್ರಕಟಿಸಿದ ಪ್ರಬಂಧ 3 ಲಕ್ಷಕ್ಕೂ ಹೆಚ್ಚು ಬಾರಿ ಉಲ್ಲೇಖಗೊಂಡಿದೆ. ಮೇವಿನ ನಾರಿನಂಶವನ್ನು ಅಳೆಯುವ ಬಗ್ಗೆ ವ್ಯಾನ್ ಸೋಸ್ಟ್ ಮತ್ತಿಬ್ಬರು 1991ರಲ್ಲಿ ಜರ್ನಲ್ ಆಫ್ ಡೇರಿ ಸೈನ್ಸ್‌ನಲ್ಲಿ ಬರೆದದ್ದು ಜಗತ್ತಿನ ಮೆಲುಕು ಹಾಕುವ ಪ್ರಾಣಿಗಳ ಪೋಷಣೆಯ ಪ್ರಬಂಧಗಳಲ್ಲೆಲ್ಲ ಕಾಣುತ್ತದೆ. ಇಂಥ ವಿಧಾನವೊಂದನ್ನು ಕಟ್ಟಿದವರು ಹತ್ತಾರು ಸಾಧಾರಣ ಪ್ರಬಂಧ ಬರೆದವರಿಗಿಂತ ಈ ಕ್ಷೇತ್ರಕ್ಕೆ ಹೆಚ್ಚು ಕೊಟ್ಟಿದ್ದಾರೆ. ಅದನ್ನು ಎಚ್-ಸೂಚ್ಯಂಕ ಕಾಣಿಸುವುದೇ ಇಲ್ಲ. ಒಂದು ಪ್ರಬಂಧಕ್ಕೆ 310 ಉಲ್ಲೇಖ ಬಂದರೂ 31,000 ಬಂದರೂ ಸೂಚ್ಯಂಕಕ್ಕೆ ಅದು ಒಂದೇ ಪ್ರಬಂಧ.

ಮತ್ತೊಂದು ಮಿತಿ ವಯಸ್ಸಿನದು. ಎಚ್-ಸೂಚ್ಯಂಕ ಏರಬಹುದೇ ಹೊರತು ಇಳಿಯುವುದಿಲ್ಲ. ವಿಜ್ಞಾನಿ ಸಂಶೋಧನೆ ನಿಲ್ಲಿಸಿದ ಮೇಲೂ ಹಳೆಯ ಪ್ರಬಂಧಗಳ ಬಲದಿಂದ ಅದು ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ನಿವೃತ್ತಿಯ ಅಂಚಿನಲ್ಲಿರುವ ಪ್ರಾಧ್ಯಾಪಕರನ್ನೂ ಹತ್ತು ವರ್ಷದ ಹಿಂದೆ ಸೇವೆಗೆ ಸೇರಿದವರನ್ನೂ ಈ ಸಂಖ್ಯೆಯಿಂದ ಅಳೆಯುವುದು ಕಿರಿಯರಿಗೆ ಅನ್ಯಾಯ. ಹಿರ್ಷ್ ಅವರೇ ಸೂಚ್ಯಂಕವನ್ನು ಮೊದಲ ಪ್ರಬಂಧ ಬಂದಾಗಿನಿಂದ ಕಳೆದ ವರ್ಷಗಳಿಂದ ಭಾಗಿಸಿ ನೋಡುವ ಕ್ರಮವನ್ನೂ ಸೂಚಿಸಿದ್ದರು. ಅದು ಸ್ವಲ್ಪ ಮಟ್ಟಿಗೆ ನ್ಯಾಯ ಒದಗಿಸುತ್ತದೆ. ಗೂಗಲ್ ಸ್ಕಾಲರ್ ಪುಟದಲ್ಲಿ ಒಟ್ಟು ಸಂಖ್ಯೆಯ ಪಕ್ಕದಲ್ಲೇ ಕಳೆದ ಕೆಲವು ವರ್ಷಗಳ ಸಂಖ್ಯೆಯೂ ಇರುತ್ತದೆ. ಮಾರ್ಗದರ್ಶಕರು ಇಂದಿಗೂ ಕ್ರಿಯಾಶೀಲರೇ ಎಂದು ತಿಳಿಯಬೇಕಾದವರು ಆ ಎರಡನೆಯ ಅಂಕಣವನ್ನು ನೋಡಬೇಕು.

ಕ್ಷೇತ್ರದ ಗಾತ್ರದ ವ್ಯತ್ಯಾಸವನ್ನು ಸರಿದೂಗಿಸುವ ಅಳತೆಗಳೂ ಇವೆ. ಸ್ಕೋಪಸ್ ಪ್ರತಿ ಪ್ರಬಂಧಕ್ಕೆ ಕೊಡುವ ಕ್ಷೇತ್ರ-ಸಮತೋಲಿತ ಉಲ್ಲೇಖ ಪ್ರಭಾವ ಎಂಬ ಅಂಕ, ಅದೇ ಕ್ಷೇತ್ರದಲ್ಲಿ ಅದೇ ವರ್ಷ ಬಂದ ಅದೇ ಬಗೆಯ ಬರಹಗಳ ಜಾಗತಿಕ ಸರಾಸರಿಯನ್ನು 1 ಎಂದಿಟ್ಟುಕೊಂಡು ಲೆಕ್ಕ ಹಾಕುತ್ತದೆ. 1.5 ಬಂದರೆ ಸರಾಸರಿಗಿಂತ ಶೇ 50ರಷ್ಟು ಹೆಚ್ಚು ಉಲ್ಲೇಖ ಬಂದಿದೆ ಎಂದರ್ಥ. ಕುರಿಯ ಶರೀರಕ್ರಿಯೆ ಕುರಿತ ಪ್ರಬಂಧಕ್ಕೆ ಕೇವಲ 12 ಉಲ್ಲೇಖ ಬಂದಿದ್ದರೂ ಈ ಅಂಕ 1ನ್ನು ದಾಟಿರಬಹುದು. ವಿಜ್ಞಾನಿಗಳನ್ನು ಹೋಲಿಸಲು ನನಗೆ ಎಚ್-ಸೂಚ್ಯಂಕಕ್ಕಿಂತ ಇದು ಹೆಚ್ಚು ನಂಬಿಕೆಗೆ ಅರ್ಹವೆನಿಸುತ್ತದೆ. ಆದರೆ ಪ್ರಬಂಧಗಳು ಹತ್ತಿಪ್ಪತ್ತೇ ಇದ್ದಾಗ ಒಂದೇ ಜನಪ್ರಿಯ ಪ್ರಬಂಧ ಇಡೀ ಸರಾಸರಿಯನ್ನು ಮೇಲಕ್ಕೆಳೆಯುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಪತ್ರಿಕೆಯ ಅಂಕ, ಪ್ರಬಂಧದ ಅಂಕ

ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ನಿಯತಕಾಲಿಕೆಯ ಅಳತೆ, ವಿಜ್ಞಾನಿಯದಲ್ಲ. ಹಿಂದಿನ ಎರಡು ವರ್ಷಗಳಲ್ಲಿ ಪತ್ರಿಕೆ ಪ್ರಕಟಿಸಿದ ಬರಹಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಎರಡು ವರ್ಷಗಳ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ಒಂದೇ ಪತ್ರಿಕೆಯಲ್ಲಿ ಕೆಲವು ಪ್ರಬಂಧಗಳಿಗೆ ನೂರಾರು ಉಲ್ಲೇಖ, ಬಹಳಷ್ಟಕ್ಕೆ ಒಂದೆರಡು ಮಾತ್ರ ಬರುವುದರಿಂದ ಸರಾಸರಿಯನ್ನು ಒಂದು ನಿರ್ದಿಷ್ಟ ಪ್ರಬಂಧದ ಗುಣಮಟ್ಟಕ್ಕೆ ಅಂಟಿಸಲಾಗದು. 2012ರ ಕೊನೆಯಲ್ಲಿ ರೂಪುಗೊಂಡು 2013ರಲ್ಲಿ ಪ್ರಕಟವಾದ, ಸಂಶೋಧನೆಯ ಮೌಲ್ಯಮಾಪನದ ಕುರಿತ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಈ ದುರುಪಯೋಗವನ್ನೇ ವಿರೋಧಿಸಿತು. ಅದೇ ವಿಷಯದ 2015ರ ಲೈಡನ್ ಪ್ರಣಾಳಿಕೆ ಹತ್ತು ತತ್ತ್ವಗಳಲ್ಲಿ ಸಂಖ್ಯೆಗಳು ತಜ್ಞರ ವಿವೇಚನೆಗೆ ಪೂರಕವಾಗಿರಬೇಕು, ಸ್ಥಳೀಯ ಮಹತ್ವದ ಸಂಶೋಧನೆಗೆ ರಕ್ಷಣೆ ಇರಬೇಕು ಎಂದು ಹೇಳಿತು. ಪಶು ಶರೀರಕ್ರಿಯಾಶಾಸ್ತ್ರದಲ್ಲಿ ಎರಡು ವರ್ಷಗಳ ಆ ಕಿಟಕಿ ತೀರಾ ಕಿರಿದು. ಎಮ್ಮೆಯ ಪ್ರಬಂಧವೊಂದನ್ನು ಓದಿ, ಅದರ ಆಧಾರದ ಮೇಲೆ ಇನ್ನೊಬ್ಬರು ತಮ್ಮ ಪ್ರಯೋಗ ನಡೆಸಿ ಪ್ರಕಟಿಸುವ ಹೊತ್ತಿಗೆ ಆ ಎರಡು ವರ್ಷ ಮುಗಿದೇ ಹೋಗಿರುತ್ತದೆ.

ಭಾರತದ ಕೃಷಿ ಮತ್ತು ಪಶುವಿಜ್ಞಾನ ಸಂಸ್ಥೆಗಳಲ್ಲಿ ನೇಮಕಾತಿ, ಬಡ್ತಿ ಎಂದರೆ ಎಲ್ಲರ ಬಾಯಲ್ಲಿ ಬರುವುದು ನಾಸ್ ಅಂಕ. ಕೃಷಿ ವಿಜ್ಞಾನಗಳ ರಾಷ್ಟ್ರೀಯ ಅಕಾಡೆಮಿ ಪತ್ರಿಕೆಗಳಿಗೆ ಕೊಡುವ ಈ ಅಂಕಕ್ಕೆ 20 ಗರಿಷ್ಠ ಮಿತಿ. ಇಂಪ್ಯಾಕ್ಟ್ ಫ್ಯಾಕ್ಟರ್ ಇರುವ ಪತ್ರಿಕೆಗೆ ಅದಕ್ಕೆ 6 ಸೇರಿಸಿ ಅಂಕ ಕೊಡುತ್ತಾರೆ. ಇಲ್ಲದ ಪತ್ರಿಕೆಗಳಿಗೆ ತಜ್ಞರ ಮೌಲ್ಯಮಾಪನದ ಮೇಲೆ 6ರ ಒಳಗೆ ಅಂಕ. ಇಂಪ್ಯಾಕ್ಟ್ ಫ್ಯಾಕ್ಟರ್ 1 ಇರುವ ಪತ್ರಿಕೆಯ ಅಂಕ 7, 4 ಇರುವುದರ ಅಂಕ 10 ಆಗುತ್ತದೆ. ಅಂದರೆ ನಾಲ್ಕು ಪಟ್ಟು ಅಂತರ ಇಲ್ಲಿ ಒಂದೂವರೆ ಪಟ್ಟಿಗೂ ಕಡಿಮೆಯಾಗುತ್ತದೆ. ದೇಶೀಯ ಪತ್ರಿಕೆಗಳನ್ನೂ ಲೆಕ್ಕಕ್ಕೆ ತಂದಿರುವುದು ಈ ಪದ್ಧತಿಯ ದೊಡ್ಡ ಗುಣ, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಇದೂ ಪತ್ರಿಕೆಯ ಅಂಕವೇ. ಪಶುವಿಜ್ಞಾನದಲ್ಲಿ ಸರ್ಕಾರಿ ಸಂಶೋಧನಾ ಹುದ್ದೆ ನಿಮ್ಮ ಗುರಿಯಾಗಿದ್ದರೆ, ಪ್ರಬಂಧವನ್ನು ಎಲ್ಲಿಗೆ ಕಳಿಸಬೇಕು ಎಂದು ನಿರ್ಧರಿಸುವಾಗ ನಾಸ್ ಪಟ್ಟಿಯನ್ನು ನೋಡಲೇಬೇಕು. ಮಾರ್ಗದರ್ಶಕರ ಆಳ ತಿಳಿಯಲು ಅದು ಸಾಲದು. ಸಾಮಾನ್ಯ ವಿಶ್ವವಿದ್ಯಾಲಯದ ಅಧ್ಯಾಪಕ ವೃತ್ತಿಗೆ ಹೋಗುವವರು ಬಹುಕಾಲ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯ ಪತ್ರಿಕೆಗಳ ಪಟ್ಟಿಯಾದ ಯುಜಿಸಿ-ಕೇರ್ ಪಟ್ಟಿಯನ್ನು ನೆಚ್ಚಿಕೊಂಡಿದ್ದರು. 2025ರ ಫೆಬ್ರುವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನು ಕೈಬಿಟ್ಟಿರುವುದರಿಂದ ಹಳೆಯ ಪಟ್ಟಿ ನೋಡಿ ಪತ್ರಿಕೆ ಆರಿಸುವುದನ್ನು ನಿಲ್ಲಿಸಬೇಕು.

ಪತ್ರಿಕೆಯ ಹೆಸರಿನಿಂದ ಪ್ರಬಂಧದ ಆಯುಷ್ಯವನ್ನು ಹೇಳಲಾಗದು ಎನ್ನುವುದಕ್ಕೆ ಶರೀರಕ್ರಿಯಾಶಾಸ್ತ್ರದಲ್ಲೇ ಒಂದು ದೊಡ್ಡ ನಿದರ್ಶನವಿದೆ. ಪ್ರಾಣಿಯ ಚಯಾಪಚಯದ ದರ ಅದರ ದೇಹತೂಕದ ಮುಕ್ಕಾಲು ಘಾತದಂತೆ ಬೆಳೆಯುತ್ತದೆ ಎಂಬ ನಿಯಮದ ಮೂಲ, ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ಬರೆದ ಪ್ರಬಂಧ. ಅದು ಪ್ರಕಟವಾದದ್ದು ಹಿಲ್ಗಾರ್ಡಿಯಾ ಎಂಬ, ಕ್ಯಾಲಿಫೋರ್ನಿಯಾದ ಕೃಷಿ ಪ್ರಯೋಗ ಕೇಂದ್ರ ಹೊರತರುತ್ತಿದ್ದ ಪತ್ರಿಕೆಯಲ್ಲಿ. ಇಂದಿಗೂ ರಾಸುಗಳ ಮೇವಿನ ಶಕ್ತಿಯ ಅಗತ್ಯವನ್ನು ಲೆಕ್ಕ ಹಾಕುವಾಗ ದೇಹತೂಕದ 0.75 ಘಾತವನ್ನು ಬಳಸುತ್ತೇವೆ. ಒಂದು ರಾಜ್ಯದ ಕೃಷಿ ಕೇಂದ್ರದ ಪತ್ರಿಕೆಯಲ್ಲಿ ಬಂದ ಬರಹ ಜಗತ್ತಿನ ಜೀವವಿಜ್ಞಾನದ ಅಡಿಪಾಯವಾದಾಗ, ನಮ್ಮ ಪಶು ಕಾಲೇಜಿನ ಪತ್ರಿಕೆಯಲ್ಲಿರುವ ಪ್ರಬಂಧವನ್ನು ಓದದೆಯೇ ಬದಿಗಿಡುವುದು ಸರಿಯಲ್ಲ.

ಶೇ 2ರ ಪಟ್ಟಿ

ಪ್ರತಿ ವರ್ಷ ದಿನಪತ್ರಿಕೆಗಳಲ್ಲಿ ಜಿಲ್ಲೆಯ ಪ್ರಾಧ್ಯಾಪಕರೊಬ್ಬರು ವಿಶ್ವದ ಅಗ್ರ ಶೇ 2ರ ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ ಪಡೆದರು ಎಂಬ ಸುದ್ದಿ ಬರುತ್ತದೆ. ನಮ್ಮ ಊರಿನವರ ಹೆಸರು ಅಲ್ಲಿರುವುದು ನಿಜಕ್ಕೂ ಸಂತೋಷದ ವಿಷಯ. ಸ್ಟ್ಯಾನ್‌ಫೋರ್ಡ್‌ನ ಜಾನ್ ಅಯೋನಿಡಿಸ್ ಮತ್ತು ಸಹೋದ್ಯೋಗಿಗಳು ಸ್ಕೋಪಸ್‌ನ ದತ್ತಾಂಶದಿಂದ 2019ರಿಂದ ಪ್ರಕಟಿಸುತ್ತಿರುವ ಈ ಪಟ್ಟಿ ಅರ್ಜಿ ಹಾಕಿ ಪಡೆಯುವ ಪ್ರಶಸ್ತಿಯಲ್ಲ. ಆರು ಅಂಶಗಳನ್ನು ಕೂಡಿಸಿ ಮಾಡಿದ ಲೆಕ್ಕಾಚಾರ. ಏಕೈಕ ಲೇಖಕ, ಮೊದಲ ಲೇಖಕ, ಕೊನೆಯ ಲೇಖಕರಾಗಿ ಬರೆದ ಪ್ರಬಂಧಗಳಿಗೆ ಬಂದ ಉಲ್ಲೇಖಗಳಿಗೆ ಅದು ಪ್ರತ್ಯೇಕ ತೂಕ ಕೊಡುತ್ತದೆ. ಐವತ್ತು ಜನರ ಪಟ್ಟಿಯ ನಡುವೆ ಹೆಸರು ಸೇರಿಸಿಕೊಂಡು ಉಲ್ಲೇಖ ಗಳಿಸುವವರನ್ನು ಇದು ತಕ್ಕಮಟ್ಟಿಗೆ ಬೇರ್ಪಡಿಸುತ್ತದೆ ಎಂಬ ಕಾರಣಕ್ಕೆ ಇದು ಬರಿಯ ಎಚ್-ಸೂಚ್ಯಂಕಕ್ಕಿಂತ ಉತ್ತಮ. ನೋಡುವಾಗ ಎರಡು ವಿಷಯ ಗಮನಿಸಬೇಕು: ಅದು ಒಂದು ವರ್ಷದ ಪಟ್ಟಿಯೋ ಇಡೀ ವೃತ್ತಿಜೀವನದ ಪಟ್ಟಿಯೋ, ಮತ್ತು ಸ್ವಂತ ಉಲ್ಲೇಖಗಳನ್ನು ಬಿಟ್ಟು ಲೆಕ್ಕ ಹಾಕಿದಾಗಲೂ ಆ ಸ್ಥಾನ ಉಳಿಯುತ್ತದೆಯೋ. ಒಂದೇ ಹಿಂಡನ್ನು ವರ್ಷಗಟ್ಟಲೆ ಅಧ್ಯಯನ ಮಾಡುವವರು ತಮ್ಮ ಹಿಂದಿನ ಪ್ರಬಂಧವನ್ನು ಉಲ್ಲೇಖಿಸುವುದು ಸಹಜ, ಅಗತ್ಯ ಕೂಡ. ಒಟ್ಟು ಉಲ್ಲೇಖದ ಅರ್ಧದಷ್ಟು ತಮ್ಮದೇ ಆಗಿದ್ದರೆ ಮಾತ್ರ ಕಾರಣ ಕೇಳಬೇಕಾಗುತ್ತದೆ.

ಸ್ಕೋಪಸ್‌ನಲ್ಲಿ ಇಲ್ಲದ ಪತ್ರಿಕೆಗಳಲ್ಲಿ ಬರೆದವರು ಈ ಪಟ್ಟಿಯಲ್ಲಿ ಕಾಣುವುದೂ ಇಲ್ಲ.

ಮಾರ್ಗದರ್ಶಕರನ್ನು ಆರಿಸುವಾಗ

ನೇಮಕಾತಿ ಸಮಿತಿಯ ಪ್ರಶ್ನೆ ಬೇರೆ, ವಿದ್ಯಾರ್ಥಿಯ ಪ್ರಶ್ನೆ ಬೇರೆ. ಈ ವಿಜ್ಞಾನಿ ಎಷ್ಟು ದೊಡ್ಡವರು ಎಂಬುದಕ್ಕಿಂತ ಇವರ ಕೈಕೆಳಗೆ ನಾನು ಏನು ಕಲಿಯುತ್ತೇನೆ, ನನ್ನ ಕೆಲಸಕ್ಕೆ ನನ್ನ ಹೆಸರು ಬರುತ್ತದೆಯೇ ಎಂಬುದು ವಿದ್ಯಾರ್ಥಿಗೆ ಮುಖ್ಯ. ಇದಕ್ಕೆ ಯಾವ ಸೂಚ್ಯಂಕವೂ ನೇರವಾಗಿ ಉತ್ತರಿಸುವುದಿಲ್ಲ, ಆದರೆ ಪ್ರಬಂಧಗಳ ಪಟ್ಟಿ ಉತ್ತರಿಸುತ್ತದೆ. ಜೀವವಿಜ್ಞಾನದಲ್ಲಿ ಸಾಮಾನ್ಯವಾಗಿ ಪ್ರಯೋಗ ನಡೆಸಿದ ವಿದ್ಯಾರ್ಥಿಯ ಹೆಸರು ಮೊದಲು, ಕೆಲಸವನ್ನು ಮುನ್ನಡೆಸಿದವರ ಹೆಸರು ಕೊನೆಗೆ ಬರುತ್ತದೆ. ನಮ್ಮಲ್ಲಿ ಈ ಕ್ರಮ ಎಲ್ಲೆಡೆ ಒಂದೇ ಆಗಿಲ್ಲವಾದ್ದರಿಂದ ಪತ್ರವ್ಯವಹಾರದ ಲೇಖಕರೆಂದು ಯಾರ ಹೆಸರಿದೆ ಎಂಬುದನ್ನೂ ನೋಡಬೇಕು. ಕಳೆದ ಐದು ವರ್ಷಗಳ ಪ್ರಬಂಧಗಳಲ್ಲಿ ಎಷ್ಟಕ್ಕೆ ವಿದ್ಯಾರ್ಥಿಗಳು ಮೊದಲ ಲೇಖಕರಾಗಿದ್ದಾರೆ ಎಂದು ಎಣಿಸಿ. ನನ್ನ ದೃಷ್ಟಿಯಲ್ಲಿ ಮಾರ್ಗದರ್ಶಕರ ಆಯ್ಕೆಗೆ ಇದಕ್ಕಿಂತ ಉಪಯುಕ್ತ ಸಂಖ್ಯೆ ಇನ್ನೊಂದಿಲ್ಲ.

ಆಮೇಲೆ ಆ ವಿದ್ಯಾರ್ಥಿಗಳ ಮಹಾಪ್ರಬಂಧಗಳನ್ನು ತೆರೆಯಿರಿ. ಸಾಮಾನ್ಯ ವಿಶ್ವವಿದ್ಯಾಲಯಗಳದು ಶೋಧಗಂಗಾ ಜಾಲತಾಣದಲ್ಲಿ, ಕೃಷಿ ಮತ್ತು ಪಶು ವಿಶ್ವವಿದ್ಯಾಲಯಗಳದು ಕೃಷಿಕೋಶ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಎಷ್ಟು ಪ್ರಾಣಿಗಳ ಮೇಲೆ ಪ್ರಯೋಗ ನಡೆದಿದೆ, ಹಾರ್ಮೋನುಗಳನ್ನು ಸ್ವಂತ ಪ್ರಯೋಗಶಾಲೆಯಲ್ಲಿ ಅಳೆದರೋ ಹೊರಗೆ ಕಳಿಸಿದರೋ, ಹವಾನಿಯಂತ್ರಿತ ಕೊಠಡಿ ಇತ್ತೋ ಬಯಲಿನ ಕೊಟ್ಟಿಗೆಯೋ, ಅಂಕಿಅಂಶಗಳ ವಿಶ್ಲೇಷಣೆ ಹೇಗಿದೆ ಎಂಬುದೆಲ್ಲ ಅಲ್ಲಿ ವಿವರವಾಗಿ ಸಿಗುತ್ತದೆ. ಹತ್ತು ಪುಟಗಳ ಪ್ರಬಂಧದಲ್ಲಿ ಕಾಣದ್ದು ಇನ್ನೂರು ಪುಟಗಳ ಮಹಾಪ್ರಬಂಧದಲ್ಲಿ ಕಾಣುತ್ತದೆ. ಪ್ರಬಂಧಗಳ ಪೂರ್ಣಪಾಠ ಸಿಗದೆಂಬ ಹಳೆಯ ತೊಂದರೆಯೂ ಈಗ ಕಡಿಮೆ: 2025ರ ಜನವರಿಯಲ್ಲಿ ಆರಂಭವಾದ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. ನಿಮ್ಮ ಕಾಲೇಜಿನ ಗ್ರಂಥಪಾಲಕರನ್ನು ಕೇಳಿದರೆ ಲಾಗಿನ್ ವಿವರ ಕೊಡುತ್ತಾರೆ.

ಉಲ್ಲೇಖಗಳು ಎಂದೂ ಎಣಿಸದ ಇನ್ನೊಂದು ಬಗೆಯ ಪರಿಣಾಮವಿದೆ, ಮತ್ತು ನಮ್ಮ ಎರಡು ಜಿಲ್ಲೆಗಳ ಮಟ್ಟಿಗೆ ಅದೇ ಹೆಚ್ಚು ಬೆಲೆಯುಳ್ಳದ್ದು. ದಾವಣಗೆರೆ ಮತ್ತು ಚಿತ್ರದುರ್ಗದ ಹಾಲು ಉತ್ಪಾದಕರು ಶಿವಮೊಗ್ಗ ಹಾಲು ಒಕ್ಕೂಟದ ಸದಸ್ಯರು. ಒಂದು ಪ್ರದೇಶದ ಮಣ್ಣು ಮತ್ತು ಮೇವಿನ ಖನಿಜ ಕೊರತೆಯನ್ನು ಪತ್ತೆ ಹಚ್ಚಿ, ಅದಕ್ಕೆ ತಕ್ಕ ಖನಿಜ ಮಿಶ್ರಣವನ್ನು ರೂಪಿಸಿ, ಬೆದೆಗೆ ಬಾರದ ಹಸುಗಳು ಸಕಾಲದಲ್ಲಿ ಬೆದೆಗೆ ಬರುವಂತೆ ಮಾಡಿದ ಶರೀರಕ್ರಿಯಾ ವಿಜ್ಞಾನಿಯ ಕೆಲಸವನ್ನು ರೈತರು ಎಲ್ಲೂ ಉಲ್ಲೇಖಿಸುವುದಿಲ್ಲ. ಡೇರಿಗೆ ಬರುವ ಹಾಲಿನಲ್ಲಿ ಅದು ಕಾಣುತ್ತದೆ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಹಿರಿಯೂರಿನ ಬಬ್ಬೂರು ಫಾರಂನ ಕೇಂದ್ರ ಇವು ರೈತರಿಗೆ ಕೊಡುವ ಶಿಫಾರಸುಗಳಲ್ಲಿ ಯಾರ ಸಂಶೋಧನೆ ಬಳಕೆಯಾಗಿದೆ ಎಂದು ಅಲ್ಲಿನ ವಿಷಯ ತಜ್ಞರನ್ನು ಕೇಳಿ ತಿಳಿಯಬಹುದು. ಊರಿಗೆ ಮರಳಿ ಕುರಿ ಅಥವಾ ಹೈನುಗಾರಿಕೆಯಲ್ಲಿ ಕೆಲಸ ಮಾಡಬೇಕೆಂಬ ಮನಸ್ಸಿರುವವರು ಈ ಉತ್ತರಕ್ಕೆ ಎಚ್-ಸೂಚ್ಯಂಕಕ್ಕಿಂತ ಹೆಚ್ಚಿನ ಸ್ಥಾನ ಕೊಡಬೇಕೆಂದು ನಾನು ಖಚಿತವಾಗಿ ನಂಬುತ್ತೇನೆ. ವಿದೇಶದಲ್ಲಿ ಪೋಸ್ಟ್‌ಡಾಕ್ಟರಲ್ ಸಂಶೋಧನೆ ಗುರಿಯಾಗಿರುವವರಿಗೆ ಈ ಕ್ರಮ ತಿರುಗುತ್ತದೆ: ಅಲ್ಲಿನ ಆಯ್ಕೆದಾರರು ನೋಡುವುದು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿನ ಮೊದಲ ಲೇಖಕತ್ವವನ್ನು, ಆದ್ದರಿಂದ ಕ್ಷೇತ್ರ-ಸಮತೋಲಿತ ಅಂಕ ಚೆನ್ನಾಗಿರುವ, ಹೊರಗಿನ ಪ್ರಯೋಗಶಾಲೆಗಳೊಂದಿಗೆ ಜಂಟಿ ಪ್ರಬಂಧಗಳಿರುವ ಮಾರ್ಗದರ್ಶಕರನ್ನು ಅವರು ಆರಿಸಿಕೊಳ್ಳಬೇಕು.

ಅರ್ಜಿ ಹಾಕುವ ಮುನ್ನ, ಪಟ್ಟಿಯಲ್ಲಿ ಉಳಿದ ಇಬ್ಬರು ಮೂವರ ತಲಾ ಮೂರು ಪ್ರಬಂಧಗಳನ್ನು ಪೂರ್ತಿಯಾಗಿ ಓದಿ: ಅತಿ ಹೆಚ್ಚು ಉಲ್ಲೇಖಗೊಂಡದ್ದು ಒಂದು, ಇತ್ತೀಚಿನದು ಒಂದು, ವಿದ್ಯಾರ್ಥಿ ಮೊದಲ ಲೇಖಕರಾಗಿರುವುದು ಒಂದು. ಓದಿದ ಮೇಲೆ ಅವುಗಳಲ್ಲಿ ಯಾವುದಾದರೂ ಹಿಂಪಡೆಯಲ್ಪಟ್ಟಿದೆಯೇ ಎಂದು ರಿಟ್ರಾಕ್ಷನ್ ವಾಚ್‌ನ ಉಚಿತ ಪಟ್ಟಿಯಲ್ಲಿ ಹುಡುಕಿ. ನಂತರ ಆ ಮೂರನೆಯ ಪ್ರಬಂಧದ ಮೊದಲ ಲೇಖಕರಿಗೆ ವಿನಯದಿಂದ ಒಂದು ಇಮೇಲ್ ಬರೆದು, ಪ್ರಯೋಗಕ್ಕೆ ಪ್ರಾಣಿಗಳು ಸಕಾಲಕ್ಕೆ ದೊರೆತವೇ, ಫೆಲೋಶಿಪ್ ನಿಯಮಿತವಾಗಿ ಬರುತ್ತಿತ್ತೇ, ಮಹಾಪ್ರಬಂಧ ಒಪ್ಪಿಸಲು ಎಷ್ಟು ವರ್ಷ ಹಿಡಿಯಿತು ಎಂದು ಕೇಳಿ.